ನಾಲ್ಕನೇ ಮೇಜಿನ ಕೊಲೆ

ಕುಶಲ ಆಳ್ವನ ತಲೆ ನಾಲ್ಕನೇ ಮೇಜಿನ ಮೇಲೆ ಒರಗಿತ್ತು. ಎಡಗಿವಿಯ ಮೇಲೆ ಬುರುಡೆ ಒಡೆದು ಒಳಕ್ಕೆ ತಗ್ಗಾಗಿತ್ತು. ರಕ್ತ ಮೇಜಿನ ಅಂಚಿನಿಂದ ತೊಟ್ಟಿಕ್ಕಿ ಕೆಳಗಿನ ಫರಸಿಯ ಮೇಲೆ ಆಗಲೇ ಕಪ್ಪಾಗತೊಡಗಿತ್ತು. ಷಟರ್ ಎಳೆಯುವ ಕಬ್ಬಿಣದ ಸಲಾಕೆ ಕುರ್ಚಿಯ ಕಾಲಿಗೆ ತಾಗಿಕೊಂಡು ಬಿದ್ದಿತ್ತು.

ಇನ್‌ಸ್ಪೆಕ್ಟರ್ ನೀತಾ ಕೌಜಲಗಿ ಬಂದಾಗ ಮಧ್ಯಾಹ್ನ ಮೂರೂಮುಕ್ಕಾಲು. ಹಿಂಜವಾಡಿಯ ಐಟಿ ಕಂಪನಿಗಳು ಬಿಡಲು ಇನ್ನೂ ಹೊತ್ತಿತ್ತು. ಪಬ್ಬಿನಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಐದು ಮಹಡಿಯ ಕಟ್ಟಡ. ನೆಲಮಹಡಿಯಲ್ಲಿ ಕುಶಲನ ಪಬ್ಬು, ಮೇಲೆಲ್ಲ ಮನೆಗಳು. ಕಟ್ಟಡಕ್ಕೂ ಕಂಪೌಂಡ್ ಗೋಡೆಗೂ ನಡುವಿನ ಓಣಿಯಲ್ಲಿ ಆರು ಮೇಜು, ಒಂದೊಂದು ಮೇಜಿಗೂ ಒಂದು ದೊಡ್ಡ ಕೊಡೆ. ಏಪ್ರಿಲ್ ಬಿಸಿಲಿಗೆ ಐದು ಕೊಡೆ ಬಿಚ್ಚಿದ್ದವು. ನಾಲ್ಕನೆಯದನ್ನು ಮಡಚಿ ದಾರ ಕಟ್ಟಲಾಗಿತ್ತು. ಹೆಣದ ಮೇಲೆ ನೊಣ ಮುತ್ತಿದ್ದವು.

"ಕೊಂದವ ಸಿಕ್ಕಿದ್ದಾನೆ ಮೇಡಂ," ಹವಾಲ್ದಾರ ಢಮಢೇರೆ ಮರಾಠಿಯಲ್ಲಿ ಹೇಳಿದ. "ಉಳಿಯೋದು ಮಾತ್ರ ಕಷ್ಟ."

ಗೇಟಿನ ಬಳಿ ಒಬ್ಬ ಬಿದ್ದಿದ್ದ. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಬಾಯಿಂದ ರಕ್ತದ ಗುಳ್ಳೆ ಬರುತ್ತಿತ್ತು. ಬಲಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ಆದರೂ ನೀತಾಗೆ ಗುರುತು ಹತ್ತಿತು. ಸಂಜು — ಕಂಪನಿ ಕ್ಯಾಬ್ ಓಡಿಸುವವ. ಹೋದ ವಾರ ಇದೇ ಕಂಪೌಂಡಿನ ಹೊರಗೆ ಫುಟ್‌ಪಾತಿನಲ್ಲಿ ಕೂತು ಬಿಯರ್ ಕುಡಿಯುತ್ತಾನೆಂದು ಕುಶಲ ದೂರು ಕೊಟ್ಟಿದ್ದ. ಕೇಸು ಬರೆದವಳು ನೀತಾ.

ಅವಳು ಕನ್ನಡದವಳೆಂದು ತಿಳಿದು ಸಂಜು ಅಂದು ಠಾಣೆಯಲ್ಲಿ ಕೇಳಿದ್ದ: "ಅವರ ಖುರ್ಚಿ ಹಾದ್ಯಾಗ ಇದ್ರ ಅದು ಪಬ್ಬು ಅಂತೀರಿ. ನಾ ನೆಲಕ್ಕ ಕುಂತು ಕುಡದ್ರ ಗುನ್ಹೆ. ಇದ್ಯಾವ ಕಾಯ್ದೆರಿ ಮೇಡಂ?"

ನೀತಾ ಕೇಸಿನ ಕಾಗದ ಅವನ ಮುಂದೆ ಸರಿಸಿ ಸಹಿ ಹಾಕಿಸಿಕೊಂಡಿದ್ದಳು.

ಆಂಬುಲೆನ್ಸ್ ಅವನನ್ನು ಎತ್ತಿಕೊಂಡು ಹೋದ ಮೇಲೆ ಅವಳು ತಿರುಗಿದಳು. "ಇವನನ್ನು ಹೊಡೆದದ್ದು ಯಾರು?"

ಪಬ್ಬಿನ ಮ್ಯಾನೇಜರ್ ಅಭಿಲಾಷ ಮುಂದೆ ಬಂದ. ಕುಶಲನ ಅಕ್ಕನ ಮಗ, ಉಡುಪಿ ಕಡೆಯವ.

"ನಾವೇ ಮೇಡಂ. ಬಿಡ್ಲಿಕ್ಕೆ ಆಗ್ತದಾ? ಮಾವನನ್ನು ಕೊಂದವ."

"ಕೊಂದದ್ದನ್ನು ನೀವು ನೋಡಿದ್ರಾ?"

"ಇಲ್ಲ. ನಾವು ಐದು ಜನ ಒಳಗೆ ಊಟಕ್ಕೆ ಕೂತದ್ದು. ಮಾವ ಒಬ್ರೇ ಹೊರಗೆ. ಮೇಲಿಂದ ಕೂಗಿದ್ದು ಕೇಳ್ತು — ಕೊಂದ, ಕೊಂದ, ಹಿಡೀರಿ ಅಂತ. ಓಡಿ ಬಂದ್ರೆ ಇವ ಮಾವನ ಹೆಗಲು ಹಿಡ್ಕೊಂಡಿದ್ದಾನೆ. ಅಂಗಿ ತುಂಬ ರಕ್ತ. ನಮ್ಮನ್ನು ಕಂಡದ್ದೇ ಓಡಿದ."

"ಕೂಗಿದ್ದು?"

"ಎರಡನೇ ಮಹಡಿಯ ಈರಬಸಪ್ಪನವರು. ಇಲ್ಲಿನ ಮನೆಯವರ ಸೊಸೈಟಿಗೆ ಸೆಕ್ರೆಟರಿ."

"ಅವರಿಗೂ ನಿಮ್ಮ ಮಾವನಿಗೂ ಸರಿಯಿತ್ತಾ?"

"ಮೇಜು ತೆಗೀರಿ ಅಂತ ಅರ್ಜಿ ಕೊಡ್ತಿದ್ರು. ಮೇಲಿನ ಮನೆಯವರೆಲ್ಲ ಕೊಡ್ತಾರೆ ಬಿಡಿ. ಅಧಿಕಾರಿಗಳು ಬಂದ ದಿನ ತೆಗೀತೇವೆ, ಮರುದಿನ ಹಾಕ್ತೇವೆ. ಹೊಡೆದಾಟ ಆದದ್ದು ಈ ಸಂಜು ಜೊತೆ. ಮೊನ್ನೆ ಮಾವ ಇದೇ ಸಲಾಕೆಯಲ್ಲಿ ಅವನಿಗೆ ನಾಲ್ಕು ಬಿಟ್ಟಿದ್ರು. ಸೇಡು ತೀರಿಸ್ಕೊಂಡ, ಅಷ್ಟೇ."

ಎಲ್ಲ ಸರಿಯಾಗಿ ಹೊಂದುತ್ತಿತ್ತು. ನೀತಾ ಮೆಟ್ಟಿಲು ಹತ್ತಿದಳು.

ಈರಬಸಪ್ಪ ಅರವತ್ತರ ಹತ್ತಿರದ ಗಟ್ಟಿಮುಟ್ಟಾದ ಆಳು. ಬೈಲಹೊಂಗಲದ ಕಡೆಯಿಂದ ಬಂದು ಪಿಂಪ್ರಿಯಲ್ಲಿ ಮಿಷನ್ ಬೆಲ್ಟಿನ ಅಂಗಡಿ ಇಟ್ಟು ಮೂವತ್ತು ವರ್ಷವಾಗಿತ್ತು. ತಲೆ ಇನ್ನೂ ಒದ್ದೆಯಿತ್ತು, ಹಣೆಯ ವಿಭೂತಿ ಹಸಿಯಾಗಿತ್ತು. ಗೋಡೆಯ ಮೇಲೆ ಹೆಂಡತಿಯ ಫೋಟೋ, ಅದಕ್ಕೆ ಮಾಲೆ.

"ಬರ್ರಿ ಮೇಡಂ, ಕೂಡ್ರಿ."

"ಏನ್ ನೋಡಿದ್ರಿ? ಪೂರಾ ಹೇಳ್ರಿ."

"ಬಾಲ್ಕನ್ಯಾಗ ನಿಂತಿದ್ದೆ. ಆಳ್ವ ಮಜ್ಜಿಗಿ ಕುಡಕೋತ ಕುಂತಿದ್ದ. ಆ ಕ್ಯಾಬಿನವ ಹಿಂದಿನಿಂದ ಬಂದು ಸಲಾಕಿ ಎತ್ತಿ ಕಿವಿ ಮ್ಯಾಲ ಹಾಕಿದ. ಆಳ್ವ ಬಲಗೈ ಅಡ್ಡ ತಂದ. ಎರಡನೇ ಏಟು ಬೆರಳಿನ ಮ್ಯಾಲ ಬಿತ್ತು. ಮೂರನೇದಕ್ಕ ಮಕಾಡಿ ಬಿದ್ದ. ನಾ ಅಲ್ಲಿಂದಾನ ಒದರಿದೆ."

"ಇಲ್ಲಿಂದ ಅಷ್ಟು ಸ್ಪಷ್ಟ ಕಾಣ್ತಿತ್ತೇನ್ರಿ?"

"ನೀವ ನೋಡ್ರಲ್ಲ."

ನೀತಾ ಬಾಲ್ಕನಿಗೆ ಹೋಗಿ ಬಗ್ಗಿದಳು. ನಾಲ್ಕನೇ ಮೇಜು ನೇರ ಕೆಳಗಿತ್ತು. ಹೆಣ, ಮಜ್ಜಿಗೆಯ ಗ್ಲಾಸು, ಸಲಾಕೆ — ಎಲ್ಲ ಕಾಣುತ್ತಿತ್ತು. ಅಕ್ಕಪಕ್ಕದಲ್ಲಿ ಬರೀ ಕೊಡೆಗಳ ಬೆನ್ನು. ಅವಳು ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿದಳು.

ಐದು ಗಂಟೆಗೆ ಆಸ್ಪತ್ರೆಯಲ್ಲಿ ಸಂಜುವಿಗೆ ಎಚ್ಚರವಾಯಿತು. ತಲೆಯೊಳಗೆ ರಕ್ತ ಇಳಿದಿದೆ, ಆಪರೇಷನ್‌ಗೆ ಒಯ್ಯಬೇಕು, ಎರಡೇ ನಿಮಿಷ ಎಂದರು ಡಾಕ್ಟರು.

"ಯಾಕ ಹೋಗಿದ್ದೆ ಅಲ್ಲಿಗೆ?"

"ಕೇಸು... ವಾಪಸ್ ತಗೋರಿ ಅನ್ನಾಕ. ಕೇಸು ಇದ್ರ... ಕೆಲಸಾ ಹೋಗ್ತದ್ರಿ."

"ಆಳ್ವನ ಮೈ ಯಾಕ ಮುಟ್ಟಿದಿ?"

ಅವನ ತುಟಿ ಒಡೆದಿತ್ತು. ಮಾತು ನಿಧಾನ ಬಂತು. "ಉಸರು ಇತ್ತರಿ... ಬಿಸಲು ಮಾರಿ ಮ್ಯಾಲ ಹೊಡೀತಿತ್ತು. ನೆಳ್ಳಿಗೆ ಎಳಿಯೂಣಂತ..."

ಅಷ್ಟಕ್ಕೆ ನರ್ಸ್ ಗಾಲಿಯ ಮಂಚ ತಳ್ಳಿಕೊಂಡು ಹೋದಳು.

ನೀತಾ ಕಾರಿಡಾರಿನಲ್ಲಿ ನಿಂತೇ ಉಳಿದಳು. ಬಿಸಿಲು? ಐದು ಮೇಜಿಗೆ ನೆರಳಿತ್ತು. ತಣ್ಣಗೆ ಮಜ್ಜಿಗೆ ಕುಡಿಯಲು ಕೂತ ಮಾಲೀಕ ನೆರಳಿಲ್ಲದ ಒಂದೇ ಮೇಜನ್ನು ಯಾಕೆ ಆರಿಸಿಕೊಂಡ? ಅವಳು ಅಭಿಲಾಷನಿಗೆ ಫೋನ್ ಹಚ್ಚಿದಳು.

"ನಾಲ್ಕನೇ ಕೊಡೆ ಮಡಚಿದ್ದು ಯಾರು?"

"ನಾವಲ್ಲ ಮೇಡಂ. ಬೆಳಿಗ್ಗೆ ಹನ್ನೊಂದಕ್ಕೆ ಆರೂ ಬಿಚ್ಚಿದ್ದು. ಮಾವ ಕೂತ ಮೇಜಿನ ಕೊಡೆ ಯಾರು ಮಡಚ್ತಾರೆ? ಊಟಕ್ಕೆ ಹೋಗುವಾಗ ಬಿಚ್ಚಿಯೇ ಇತ್ತು."

ಅವಳು ಓಣಿಗೆ ಮರಳಿದಾಗ ಹೆಣ ಸಾಗಿಸಿ ಆಗಿತ್ತು. ಕೈಗವಸು ಹಾಕಿಕೊಂಡ ಢಮಢೇರೆ ದಾರ ಬಿಚ್ಚಿ ಕೊಡೆಯನ್ನು ಮೇಲಕ್ಕೆ ತಳ್ಳಿದ. ಬಟ್ಟೆ ಚಟಪಟ ಅಂಟು ಬಿಡುತ್ತ ಅರಳಿತು.

"ಅಯ್ಯೋ ದೇವಾ!" ಅವನು ಎರಡು ಹೆಜ್ಜೆ ಹಿಂದೆ ಸರಿದ.

ಕೊಡೆಯ ಒಳಮೈ ತುಂಬ ರಕ್ತ. ಸಲಾಕೆ ಮೇಲೆದ್ದ ಪ್ರತಿ ಸಲವೂ ಸಿಡಿದ ಹನಿಗಳು ಸಾಲುಸಾಲಾಗಿ ಬಟ್ಟೆಗೆ ಹತ್ತಿದ್ದವು. ಹಸಿಯಿದ್ದಾಗಲೇ ಮಡಚಿದ್ದರಿಂದ ಒಂದು ಮಡಿಕೆಯ ಕಲೆ ಇನ್ನೊಂದರ ಮೇಲೆ ಅಚ್ಚಾಗಿತ್ತು. ಹೊರಮೈ ಮೇಲೆ ಒಂದು ಹನಿಯೂ ಇಲ್ಲ.

ನೀತಾ ಈರಬಸಪ್ಪನನ್ನು ಕೆಳಗೆ ಕರೆಸಿ ನಾಲ್ಕನೇ ಮೇಜಿನ ಕೊಡೆಯಡಿ ನಿಲ್ಲಿಸಿದಳು. ಬಾಲ್ಕನಿಗಳಲ್ಲಿ ಜನ ತುಂಬಿದ್ದರು.

"ಕಾಕಾ, ನಿಮ್ಮ ಬಾಲ್ಕನಿ ಕಡೆ ನೋಡ್ರಿ."

ಅವನು ತಲೆ ಎತ್ತಿದ. ಬಿಚ್ಚಿದ ಕೊಡೆಯಲ್ಲದೆ ಏನೂ ಕಾಣಲಿಲ್ಲ.

"ಇಲ್ಲಿಂದ ನಿಮ್ಮ ಬಾಲ್ಕನಿ ಕಾಣೂದಿಲ್ಲ. ಅಲ್ಲಿಂದ ಈ ಮೇಜೂ ಕಾಣೂದಿಲ್ಲ. ಕೊಲಿ ಆದಾಗ ಕೊಡಿ ಬಿಚ್ಚಿತ್ತು. ಅಂದಮ್ಯಾಲ ನೀವು ನೋಡಿದ್ದೇನು?"

"ಅವ... ಆಮ್ಯಾಲ ಮಡಚಿರಬೇಕು."

"ಯಾರು, ಸಂಜು? ಹೊಡೆದು, ಕೊಡಿ ಮಡಚಿ, ದಾರ ಕಟ್ಟಿ, ಆಮ್ಯಾಲ ಹೆಣದ ಹೆಗಲು ಹಿಡಕೊಂಡು ನಿಂತ್ನೇನು? ಹಂಗ ಅಂದ್ರೂ ಹೊಡಿಯೂದು ನಿಮಗ ಕಾಣೂದಿಲ್ಲ. ಆದ್ರ ಎರಡನೇ ಏಟು ಬಲಗೈ ಬೆರಳಿಗೆ ಬಿತ್ತು ಅಂದ್ರಿ. ಖರೇನ ಅದ. ಮೂರು ಬೆರಳು ಮುರದಾವ ಅಂತ ಈಗ ಡಾಕ್ಟರ್ ಹೇಳಿದ್ರು. ಆ ಕೈ ಎದಿಗೂ ಮೇಜಿಗೂ ನಡುವ ಸಿಕ್ಕಿಹಾಕ್ಕೊಂಡಿತ್ತು. ಹೆಣಾ ಎತ್ತೂತನಕ ಯಾರೂ ನೋಡಿಲ್ಲ. ನಿಮಗ ಹೆಂಗ ಗೊತ್ತಾತು?"

ಈರಬಸಪ್ಪ ಸುತ್ತ ನೋಡಿದ. ಆಮೇಲೆ ಮೂರನೇ ಮೇಜಿನ ಕುರ್ಚಿ ಎಳೆದು ಕೂತ.

"ಕೊಡಿ ಕೆಳಗ ನಿಂತವರಿಗೆ ಮಾತ್ರ ಗೊತ್ತಿರ್ತದ," ಎಂದಳು ನೀತಾ. "ನೀವ ಹೊಡದ್ರಿ. ಬಾಲ್ಕನಿಯಿಂದ ನೋಡಿದೆ ಅಂತ ಹೇಳಾಕ ಬರ್ಲಿ ಅಂತ ಕೊಡಿ ಮಡಚಿದ್ರಿ. ಯಾಕ?"

"ಹೋದ ವರ್ಷ ದೀಪಾವಳಿ ಮುಂದ ನಮ್ಮ ಮನಿಯಾಕಿ ಶಿವಬಸವ್ವಗ ಎದಿನೋವು ಬಂತು," ಅವನ ದನಿ ಸಣ್ಣದಾಗಿತ್ತು. "ಈ ಓಣಿ ಆಂಬುಲೆನ್ಸಿಗೆ, ಬೆಂಕಿ ಆರಿಸೋ ಬಂಡಿಗೆ ಅಂತ ಬಿಟ್ಟ ಜಾಗಾರಿ. ಆಂಬುಲೆನ್ಸ್ ಗೇಟಿನ ಹೊರಗ ನಿಂತಿತು. ಒಳಗೆಲ್ಲ ಮೇಜು, ಕುಡಿಯೋ ಮಂದಿ. ಅಕಿನ್ನ ಹೊತಕೊಂಡು ಅವರ ನಡುವ ಬಂದ್ವಿ. ಒಬ್ಬ ಖುರ್ಚಿ ಸರಸಲಿಲ್ಲ. ಗ್ಲಾಸು ಖಾಲಿ ಆಗ್ಲಿ ತಡೀರಿ ಅಂದ. ಇಲ್ಲೇ ಅಕಿ ಉಸರು ನಿಂತಿತು. ನಿಮ್ಮ ಠಾಣಿಗೂ ನಾಕು ಸಲ ಬರದು ಕೊಟ್ಟೆ. ಪಾಲಿಕೆಗೆ ಕಳಿಸೇವಿ ಅಂತ ಸಹಿ ಮಾಡಿದವರು ನೀವ."

ನೀತಾಗೆ ನೆನಪಿತ್ತು. ನಾಲ್ಕೂ ಸಹಿ ಅವಳದೇ.

"ಇವತ್ತು?"

"ಕೈ ಮುಗದು ಕೇಳಿದೆ. ಸತ್ತವರ ಸಲುವಾಗಿ ಮೇಜು ತೆಗೀಲಿಕ್ಕೆ ಆಗ್ತದಾ ಅಂತ ನಕ್ಕ. ಸಲಾಕಿ ಗ್ವಾಡಿಗೆ ಆನಿಸಿತ್ತು. ಮ್ಯಾಲ ಹೋಗಿ ಜಳಕಾ ಮಾಡಿ ಬಾಲ್ಕನಿಗೆ ಬಂದೆ. ಓಡಿಹೋದವ ಯಾರೋ ಗೊತ್ತಿಲ್ಲ ಅಂತ ಹೇಳಬೇಕಂದಿದ್ದೆ. ಅಷ್ಟ್ರಾಗ ಆ ಕುಡುಕ ಬಂದ. ದೇವರ ಕಳಿಸಿದ ಅನಿಸ್ತು."

"ಅವನು ಕೈ ಹಾಕಿ ಎತ್ತಾಕ ಹೋಗಿದ್ದ, ಕಾಕಾ. ಆಳ್ವ ಇನ್ನೂ ಉಸಿರಾಡ್ತಿದ್ದ."

ಈರಬಸಪ್ಪ ನಾಲ್ಕನೇ ಮೇಜಿನ ಕಡೆ ತಿರುಗಿದ.

ಆಸ್ಪತ್ರೆಯಲ್ಲಿದ್ದ ಪೇದೆಯ ಫೋನ್ ಬಂತು. ನೀತಾ ಕೇಳಿಸಿಕೊಂಡು ಫೋನ್ ಕಿಸೆಗಿಟ್ಟಳು.

"ಹೋದ," ಎಂದಳು. "ಆಪರೇಷನ್ ಟೇಬಲ್ಲಿನ ಮ್ಯಾಲ."

ಈರಬಸಪ್ಪ ಗೇಟಿನ ಕಡೆ ನೋಡಿದ. ಆಮೇಲೆ ಕೇಳಿದ: "ಅವನ ಹೆಸರೇನ್ರಿ?"

"ಸಂಜು. ಮೂವತ್ತೊಂದು ವರ್ಷ."

ಢಮಢೇರೆ ಈರಬಸಪ್ಪನ ರಟ್ಟೆ ಹಿಡಿದು ಜೀಪಿಗೆ ಹತ್ತಿಸಿದ. ಅಭಿಲಾಷ ಪಬ್ಬಿನ ಬಾಗಿಲಲ್ಲಿ ನಿಂತು ಅಳುತ್ತಿದ್ದ. ಹಿಂದೆ ನಾಲ್ವರು ವೇಟರುಗಳು.

"ನಮಗೆ ಗೊತ್ತೇ ಆಗ್ಲಿಲ್ಲ ಮೇಡಂ. ಮುಗೀತಲ್ಲ ಕೇಸು? ಮಾವನ ದೇಹ ಊರಿಗೆ ತಗೊಂಡು ಹೋಗ್ಬೇಕು."

"ಕುಶಲ ಆಳ್ವನ ಕೇಸು ಮುಗೀತು," ಎಂದಳು ನೀತಾ. "ಇನ್ನು ಸಂಜುವಿನದು. ಐದೂ ಜನ ಜೀಪು ಹತ್ತಿ."