ಗೆರೆಯ ಈಚೆ ಬಿದ್ದ ಎಲ್ಕ್

ಓರಿನ್ ಯಾಕೆ ಬಾಯಿ ಬಿಡುತ್ತಿಲ್ಲ? ತಪ್ಪು ಮಾಡದವನು ಕೂಗಾಡಬೇಕಲ್ಲವೇ? ಅಥವಾ ಕೂಗಾಡುವುದೇ ತಪ್ಪು ಮಾಡಿದವರ ಲಕ್ಷಣವೋ? ವಿಲ್ಡಕ್ಕನ ಪಿಕಪ್ ಗಾಡಿಯನ್ನು ಗುಡ್ಡದ ದಾರಿಯಲ್ಲಿ ಹತ್ತಿಸುತ್ತಾ ನಾನು ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸುತ್ತಿದ್ದೆ. ಓರಿನ್ ಬೆಕ್‌ಸ್ಟೆಡ್ ನನ್ನ ಬಾಲ್ಯದ ಗೆಳೆಯ. ಅವನ ಮಾತನ್ನು ಅನುಮಾನಿಸಿದವನಲ್ಲ ನಾನು. ಆದರೆ ಈ ಸಲ ಅನುಮಾನಿಸಲು ಅವನು ಮಾತನ್ನೇ ಆಡಿರಲಿಲ್ಲ.

"ಎಲ್ಡನ್, ರಸ್ತೆ ನೋಡು. ಯೋಚನೆ ಆಮೇಲೆ ಮಾಡ್ಕೋ," ಎಂದರು ವಿಲ್ಡಕ್ಕ. ಕಣಿವೆಯ ಮಕ್ಕಳಿಗೆಲ್ಲ ಬೇಟೆಯ ಕಾಯಿದೆ ಪಾಠ ಮಾಡಿದವರು ಅವರು. ಶೆರೀಫ್‌ಗೆ ಬಗೆಹರಿಯದ್ದು ಕೊನೆಗೆ ಅವರ ಅಡುಗೆಮನೆಗೇ ಬರುತ್ತಿತ್ತು. ಕಣ್ಣು ಮಂಜಾದ ಮೇಲೆ ಅವರ ಗಾಡಿ ಓಡಿಸುವುದು ನನ್ನ ಕೆಲಸವಾಗಿತ್ತು.

ಬೆಳಿಗ್ಗೆ ಶೇನ್ ಡ್ರೂರಿ ಎಂಬ ಬೇಟೆ ಮಾರ್ಗದರ್ಶಿ ಆಸ್ಪೆನ್ ಮರಗಳ ತೋಪಿನಲ್ಲಿ ಸತ್ತ ಗಂಡು ಎಲ್ಕ್ ಒಂದನ್ನು, ಕುದುರೆಯಷ್ಟು ಎತ್ತರದ ಜಿಂಕೆಯನ್ನು, ಕಂಡಿದ್ದ. ಅಷ್ಟು ದೊಡ್ಡ ಕೊಂಬನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ. ಪಕ್ಕೆಯಲ್ಲಿ ಓರಿನ್‌ನ ಬಾಣ ನಾಟಿಕೊಂಡಿತ್ತು. ಹಳದಿ ಕಪ್ಪು ಗರಿ, ಅವನೇ ಕೈಯಾರೆ ಅಂಟಿಸಿದ್ದು. ಮೊನೆ ಮಾತ್ರ ಮಡಚಿದ ಅಲಗು ಬಿಚ್ಚಿಕೊಳ್ಳುವ ಜಾತಿಯದು.

ರಾಜ್ಯದ ಗಡಿಗೆರೆಯ ಆಚೆ, ವಯೋಮಿಂಗ್‌ನಲ್ಲಿ, ಬಿಚ್ಚುವ ಮೊನೆಗೆ ಅಡ್ಡಿಯಿರಲಿಲ್ಲ. ಈಚೆ, ಐಡಹೋದ ಬಿಲ್ಲುಬೇಟೆಯಲ್ಲಿ, ಅದನ್ನು ಬತ್ತಳಿಕೆಯಲ್ಲಿಟ್ಟರೂ ತಪ್ಪು. ನಡುವೆ ಇದ್ದದ್ದು ಒಂದು ತುಕ್ಕು ತಂತಿಬೇಲಿ. ಎರಡೂ ಕಡೆ ಬೇಟೆಗಾರರನ್ನು ಕರೆದೊಯ್ಯುವ ಓರಿನ್ ಕಡೆಗೊಂದರಂತೆ ಎರಡು ಬತ್ತಳಿಕೆ ಇಟ್ಟುಕೊಂಡಿದ್ದ. ಎಲ್ಕ್ ಬಿದ್ದದ್ದು ಈಚೆ. ತಪ್ಪು ಸಾಬೀತಾದರೆ ಮಾರ್ಗದರ್ಶಿಯ ಪರವಾನಗಿ ಹೋಗುತ್ತದೆ, ಒಂದು ರಾಜ್ಯದಲ್ಲಿ ಹೋದದ್ದು ಇನ್ನೊಂದರಲ್ಲೂ ಸಿಗುವುದಿಲ್ಲ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ತೋಪಿನಲ್ಲಿ ಬೇಟೆ ಅಧಿಕಾರಿ ಕೆಸ್ಲರ್ ಕಾಯುತ್ತಿದ್ದ. ವರ್ಗವಾಗಿ ಬಂದ ಹೊಸಬ, ನಿಯಮ ಪುಸ್ತಕ ಜೇಬಿನಲ್ಲೇ ಇರುತ್ತಿತ್ತು. ಓರಿನ್ ಮರಕ್ಕೆ ಒರಗಿ ನಿಂತಿದ್ದ. ಅವನ ದೊಡ್ಡಪ್ಪ ಲಮಾರ್ ಪಕ್ಕದಲ್ಲಿ ಟೊಪ್ಪಿಗೆ ಹಿಂಡುತ್ತಿದ್ದರು.

"ವಿಲ್ಡಕ್ಕ, ನೀವಾದ್ರೂ ಹೇಳಿ," ಎಂದರು ಲಮಾರ್. "ಹುಡುಗ ಬತ್ತಳಿಕೆ ಅದಲು ಬದಲು ಮಾಡ್ಕೊಂಡಿದಾನೆ, ಅಷ್ಟೇ. ಕೈತಪ್ಪು. ಒಂದಿಷ್ಟು ದಂಡ ಕಟ್ಟಿಸ್ಕೊಂಡು ಬಿಟ್ಬಿಡ್ಲಿ."

"ನಿಂಗೂ ಹೀಗೆ ಅದಲು ಬದಲಾಗಿದ್ದುಂಟಾ, ಲಮಾರಣ್ಣ?"

"ನಂಗಾ? ಹುಟ್ಟಿದಾಗಿಂದ ಆ ಬೇಲಿ ದಾಟಿ ಬಿಲ್ಲು ಹಿಡ್ದೋನಲ್ಲ. ಕೊಡೆ ಥರ ಬಿಚ್ಕೊಳ್ಳೋ ಆ ಆಟದ ಸಾಮಾನು ಮುಟ್ಟೋನೂ ಅಲ್ಲ. ಈ ಸಲ ಮೊದಲ ವಾರದಲ್ಲೇ ನನ್ನ ಎಲ್ಕ್ ಹೊಡ್ದೆ, ವರ್ಷಕ್ಕೆ ಒಂದೇ ಸಿಗೋ ಪರವಾನಗಿ ಟ್ಯಾಗ್ ಅದಕ್ಕೆ ಕಟ್ಟಿದೆ, ಬಿಲ್ಲು ಗೋಡೆಗೆ ಹಾಕಿದೆ."

ಡ್ರೂರಿ ನಕ್ಕ. "ಬೆಕ್‌ಸ್ಟೆಡ್ ಮನೇಲಿ ಎಲ್ರೂ ಸಂತರೇ, ಬಾಣ ಮಾತ್ರ ದಾರಿ ತಪ್ಪುತ್ತೆ."

ಓರಿನ್ ಮರದ ತೊಗಟೆ ಕೆರೆಯುತ್ತಾ ನಿಂತ. ನನಗೆ ಅವನ ಕೊರಳಪಟ್ಟಿ ಹಿಡಿದು ಅಲುಗಾಡಿಸಬೇಕೆನಿಸಿತು.

ವಿಲ್ಡಕ್ಕ ಮೊಣಕಾಲೂರಿ ಗಾಯದ ಮೇಲೆ ಬೆರಳಾಡಿಸಿದರು. "ಎಲ್ಡನ್, ನನ್ನ ಕಣ್ಣು ನಂಬಬೇಡ. ಚರ್ಮ ಹೇಗೆ ಸೀಳಿದೆ?"

"ಕೂಡಿಸುವ ಚಿಹ್ನೆಯ ಹಾಗೆ. ನಾಲ್ಕು ಸೀಳು."

ಕೆಸ್ಲರ್ ಆಗಲೇ ಕಿತ್ತು ಪಾರದರ್ಶಕ ಚೀಲದಲ್ಲಿಟ್ಟಿದ್ದ ಬಾಣವನ್ನು ಅವರು ಕೇಳಿ ಪಡೆದರು. ಮೊನೆಯಲ್ಲಿ ಎರಡೇ ಅಲಗು, ಎರಡೂ ಮಡಚಿಕೊಂಡಿದ್ದವು. ಅವುಗಳ ಸೊಂಟಕ್ಕೆ ಕಪ್ಪು ರಬ್ಬರಿನ ಸಣ್ಣ ಬಳೆ, ಒಣಗಿದ ರಕ್ತದಲ್ಲಿ ಮೆತ್ತಿಕೊಂಡು. ವಿಲ್ಡಕ್ಕ ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮುಖ ಎತ್ತಿದರು.

"ಓರಿನ್, ನಿನ್ನ ಶೆಡ್ಡಿಗೆ ಬೀಗ ಹಾಕ್ತೀಯಾ?"

"ಇಲ್ಲ, ವಿಲ್ಡಕ್ಕ. ಯಾರೂ ಹಾಕಲ್ಲ." ತೋಪಿನಲ್ಲಿ ಅವನಾಡಿದ್ದು ಅಷ್ಟೇ.

"ಎಲ್ರೂ ನನ್ನ ಕೊಟ್ಟಿಗೆ ಹಿಂದಕ್ಕೆ ಬನ್ನಿ," ಎಂದು ಅವರು ಎದ್ದರು. "ಹಕ್ಕಲ್‌ಬೆರಿ ಹಣ್ಣಿನ ಕಡುಬಿದೆ. ಶೇನ್, ಬಿಲ್ಲು ತಾ. ನಿನ್ನ ವಯೋಮಿಂಗ್ ಬಾಣಾನೂ ತಾ."

ಮಧ್ಯಾಹ್ನ ಕೊಟ್ಟಿಗೆಯ ಹಿಂದೆ ನಾವೆಲ್ಲ ಸೇರಿದೆವು. ಹುಲ್ಲಿನ ಪಿಂಡಿಗೆ ಹಳೆಯ ಎಲ್ಕ್ ಚರ್ಮ ಬಿಗಿದಿತ್ತು. ಕಡುಬನ್ನು ಯಾರೂ ಮುಟ್ಟಲಿಲ್ಲ.

"ಇಲ್ಲಿ ಬೇಟೆಗೆ ತಂದಿಲ್ಲ, ಬರೀ ತೋರಿಸೋಕೆ," ಎಂದು ಡ್ರೂರಿ ಕೆಸ್ಲರ್‌ನತ್ತ ಹಲ್ಲು ಕಿರಿದ.

"ಹೊಡಿ, ಮಾತು ಸಾಕು," ಎಂದರು ವಿಲ್ಡಕ್ಕ.

ಬಿಲ್ಲಿನ ಹೆದೆ ಝೇಂಕರಿಸಿತು. ಬಾಣ ಚರ್ಮ ಸೀಳಿ ಒಳಹೊಕ್ಕಿತು. ಕೆಸ್ಲರ್ ಪಿಂಡಿ ಬಿಡಿಸಿ ಹೊರತೆಗೆದ. ಅಲಗುಗಳು ರೆಕ್ಕೆಯಂತೆ ಹರಡಿದ್ದವು. ರಬ್ಬರ್ ಬಳೆ ತುಂಡಾಗಿ ಚರ್ಮದ ಮೇಲೆ ಅಂಟಿತ್ತು.

ವಿಲ್ಡಕ್ಕ ಚೀಲದಲ್ಲಿದ್ದ ಬಾಣವನ್ನು ಅದರ ಪಕ್ಕದಲ್ಲಿಟ್ಟರು. "ಈಗ ಇದನ್ನ ನೋಡು, ಶೇನ್."

ಡ್ರೂರಿ ಬಗ್ಗಿದವನು ಹೌಹಾರಿ ನೆಟ್ಟಗಾದ. "ಅಯ್ಯೋ! ಇದು ಹಾರೇ ಇಲ್ಲ!"

"ಅದು ಹೇಗೆ ಹೇಳ್ತೀಯ?" ಎಂದರು ಲಮಾರ್. "ರಕ್ತ ಮೆತ್ತಿದೆಯಲ್ಲ?"

ವಿಲ್ಡಕ್ಕ ನಿಧಾನವಾಗಿ ಅವರ ಕಡೆ ತಿರುಗಿದರು. "ಈ ಪ್ರಶ್ನೆ ಕೇಳೋನು ಯಾರು ಅಂತಲೇ ನಾನು ಕಾಯ್ತಿದ್ದೆ, ಲಮಾರಣ್ಣ."

ಅವರು ಚೀಲದ ಬಾಣವನ್ನು ಕೆಸ್ಲರ್ ಮುಂದೆ ಹಿಡಿದರು.

"ಬಿಲ್ಲಿನಿಂದ ಹಾರಿ ಮೈಗೆ ತಗುಲಿದ್ರೆ ಅಲಗು ಬಿಚ್ಕೋಬೇಕು, ಬಳೆ ಹರೀಬೇಕು," ಎಂದು ಅವರು ಕೆಸ್ಲರ್‌ಗೆ ವಿವರಿಸಿದರು. "ಇದರ ಬಳೆ ಹಾಗೇ ಇದೆ. ಅಂದ್ರೆ ಆಗಲೇ ಇದ್ದ ಗಾಯದೊಳಗೆ ಯಾರೋ ಮೆಲ್ಲಗೆ ಕೈಯಿಂದ ತುರುಕಿದಾರೆ. ಗಾಯ ಮಾಡಿದ ಮೊನೆಗೆ ನಾಲ್ಕು ಅಲಗು, ಬಿಚ್ಚದ ಗಟ್ಟಿ ಮೊನೆ, ಐಡಹೋದ್ದು. ಇನ್ನು ಯಾರು? ಶೇನ್ ದಿನಾ ಈ ಬಳೆ ಹಾಕ್ತಾನೆ. ಅವನೇ ತುರುಕಿದ್ರೆ ಮೊದಲು ಅಲಗು ಬಿಚ್ಚಿರ್ತಿದ್ದ. ಓರಿನ್ ತನ್ನ ಮೇಲೆ ತಾನೇ ಯಾಕೆ ಹಾಕ್ಕೋತಾನೆ? ಈ ಮೊನೆ ಇಲ್ಲಿ ತಪ್ಪು ಅಂತ ಬಾಯಿಪಾಠ ಬರೋನು, ಆದ್ರೆ ಅದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿಲ್ದೋನು ಬೇಕು. ಬೇಲಿ ದಾಟದೇ ಇರೋನು. ನಿನ್ನ ಬತ್ತಳಿಕೇಲಿರೋ ಮೊನೆಗೆ ಎಷ್ಟು ಅಲಗು, ಲಮಾರಣ್ಣ?"

ಲಮಾರ್ ಹುಲ್ಲಿನ ಪಿಂಡಿಯ ಮೇಲೆ ಕುಸಿದು ಕುಳಿತರು.

"ನಾಲ್ಕು," ಎಂದರು. "ಅಭ್ಯಾಸಕ್ಕೆ ಅಂತ ಬಿಲ್ಲು ಇಳಿಸ್ಕೊಂಡು ಹೋಗಿದ್ದೆ. ಅದು ಎದುರಿಗೆ ಬಂದು ನಿಂತ್ಬಿಡ್ತು, ವಿಲ್ಡಕ್ಕ. ಆ ಕೊಂಬು ನೋಡಿ ಕೈ ನನ್ನ ಮಾತು ಕೇಳ್ಲಿಲ್ಲ. ಟ್ಯಾಗ್ ಇಲ್ಲ. ನನ್ನ ಬಾಣ ಕಿತ್ಕೊಂಡು, ಓರಿನ್ ಶೆಡ್ಡಿಂದ ಅವನ ಬಾಣ ತಂದು ತುರುಕಿದೆ. ಬಾಣ ಇಲ್ದಿದ್ರೆ ಹೊಡೆದೋನನ್ನ ಹುಡುಕ್ತಾರೆ, ಇದ್ರೆ ಹುಡುಕೋದು ನಿಲ್ಲುತ್ತೆ ಅಂದ್ಕೊಂಡೆ. ಓರಿನ್ ಹತ್ರ ಟ್ಯಾಗ್ ಇತ್ತು. ಬಿಚ್ಚೋ ಮೊನೆ ಇದ್ರೆ, ಹೆದರಿ ಕೊಂಬು ಬಿಟ್ಟು ಹೋದ ಅಂತ ಎಲ್ರೂ ನಂಬ್ತಾರೆ ಅನ್ನಿಸ್ತು. ಮೊನೆ ತಪ್ಪಿಗೆ ಬರೀ ದಂಡ ಅಂತಿದ್ದೆ. ಅವನ ಪರವಾನಗೀನೇ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ, ದೇವರಾಣೆ."

"ಗೊತ್ತಾದ ಮೇಲೆ?" ಎಂದರು ವಿಲ್ಡಕ್ಕ.

ಲಮಾರ್ ಟೊಪ್ಪಿಗೆ ನೋಡುತ್ತಾ ಕುಳಿತರು. ಕೆಸ್ಲರ್ ಓರಿನ್‌ನ ಮೇಲಿನ ದೂರಿನ ಹಾಳೆಯನ್ನು ಹರಿದು ಜೇಬಿಗೆ ತುರುಕಿಕೊಂಡು, ಲಮಾರ್‌ರನ್ನು ಮೃದುವಾಗಿಯೇ ಎಬ್ಬಿಸಿದ. ಓರಿನ್ ಮುಂದೆ ಬಂದು ದೊಡ್ಡಪ್ಪನ ತೋಳು ಹಿಡಿದುಕೊಂಡ. "ಬನ್ನಿ ದೊಡ್ಡಪ್ಪ, ಮೆಟ್ಟಿಲಿದೆ," ಎಂದ. ಐದು ವರ್ಷದವನಿದ್ದಾಗ ಅವನ ಕೈಗೆ ಮೊದಲ ಬಿಲ್ಲು ಕೊಟ್ಟವರು ಅವರೇ.

ಗಾಡಿಗಳು ಹೋದ ಮೇಲೆ ನಾನು ವಿಲ್ಡಕ್ಕನನ್ನು ಕೇಳಿದೆ, "ಬಳೆ ಹಾಗೇ ಇದೆ, ಸೀಳು ದೊಡ್ಡಪ್ಪನ ಮೊನೇದು ಅನ್ನೋದು ಓರಿನ್‌ಗೆ ಕಾಣಿಸಿರಲ್ವಾ? ಕೆಸ್ಲರ್ ಬಾಣ ಕಿತ್ತಾಗ ಅವನು ಅಲ್ಲೇ ಇದ್ನಲ್ಲ."

ಅವರು ಕಡುಬಿನ ತುಂಡೊಂದನ್ನು ನನ್ನ ತಟ್ಟೆಗೆ ಹಾಕಿದರು. "ತಿನ್ನು," ಎಂದರು.

ಓರಿನ್ ಈಗಲೂ ಎರಡು ರಾಜ್ಯಗಳಲ್ಲಿ ಬೇಟೆಗಾರರನ್ನು ಕರೆದೊಯ್ಯುತ್ತಾನೆ. ಎಷ್ಟೋ ಸಲ ನಾವಿಬ್ಬರೂ ಒಟ್ಟಿಗೆ ಗುಡ್ಡ ಹತ್ತಿದ್ದೇವೆ, ಈ ವಿಷಯವೂ ಬಂದುಹೋಗಿದೆ. ಹೊಡೆದವರು ದೊಡ್ಡಪ್ಪ ಎಂದು ತನಗೆ ಆ ಬೆಳಿಗ್ಗೆಯೇ ಗೊತ್ತಾಗಿತ್ತು ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.