ಎರಡು ಸಾವಿರದ ಐನೂರ ಇಪ್ಪತ್ತೊಂದನೆಯವಳು

"ಮತ್ತೆ ಒಂದು ಉಳೀತು," ಎಂದರು ಶಾಲೆಯ ಮೇಷ್ಟ್ರು, ಪ್ರೊಫೆ ಅನ್ಸೆಲ್ಮೊ. ಟೋಪಿ ತೆಗೆದು ಬೆವರು ಒರೆಸಿಕೊಂಡರು.

ಸೊಲೋಲಾದ ಫುಟ್‌ಬಾಲ್ ಮೈದಾನದಲ್ಲಿ ಊರಿನ ಎಲ್ಲ ಶಾಲೆಗಳ ಮಕ್ಕಳು ನಿಂತಿದ್ದರು. ಹತ್ತತ್ತು ಮಕ್ಕಳ ಇನ್ನೂರ ಐವತ್ತೆರಡು ಸಾಲು. ಎಲ್ಲರ ಹಿಂದೆ ಒಡಿಲಿಯಾ ಒಬ್ಬಳೇ. ಹೋದ ವಾರ ಶಾಲೆಗೆ ಸೇರಿದವಳು, ಪಟ್ಟಿಯಲ್ಲಿ ಕೊನೆಯ ಹೆಸರು.

ನಾಡಿದ್ದು ಸೆಪ್ಟೆಂಬರ್ ಹದಿನೈದು, ಸ್ವಾತಂತ್ರ್ಯದ ಮೆರವಣಿಗೆ. ಅರೆಬರೆ ಸಾಲು ಬೀದಿಗಿಳಿದರೆ ಪ್ರೊಫೆಗೆ ಆ ವರ್ಷವಿಡೀ ನಿದ್ದೆ ಬರುವುದಿಲ್ಲ.

"ಒಂಬತ್ತೊಂಬತ್ತು ನಿಲ್ರಪ್ಪಾ."

ಒಂಬತ್ತಕ್ಕೂ ಒಂದು ಉಳಿಯಿತು. ಎಂಟಕ್ಕೂ. ಏಳಕ್ಕೂ. ಪ್ರತಿ ಸಲವೂ ಒಡಿಲಿಯಾನೇ.

ಡ್ರಮ್ ಬಾರಿಸುವ ರೂಡಿಯದು ಮೊದಲ ಸಾಲಿನ ಮೊದಲ ಜಾಗ. ಅವನು ಅಲ್ಲಿಂದ ಓಡಿ ಬಂದ. "ಏ ಶೇಷ, ನಿನ್ನನ್ನ ಮುಂದಿನ ವರ್ಷಕ್ಕೆ ಎತ್ತಿಡ್ತಾರಂತೆ."

"ಒಡಿಲಿಯಾ, ಈ ಸಲ ನೀನು ನನ್ನ ಟೋಪಿ ಹಿಡ್ಕೊಂಡು ನೆರಳಲ್ಲಿ ಕೂತ್ಕೊಮ್ಮ," ಎಂದರು ಪ್ರೊಫೆ, ಅವಳ ಮುಖ ನೋಡದೆ.

ಮೆರವಣಿಗೆ ನೋಡಲೆಂದೇ ಅವಳ ಅಜ್ಜಿ ಬೆಟ್ಟದಿಂದ ಇಳಿದು ಬರುವವಳಿದ್ದಳು. ಒಡಿಲಿಯಾ ಕುಕ್ಕರುಗಾಲಲ್ಲಿ ಕೂತು ಮಣ್ಣಿನ ಮೇಲೆ 2521 ಎಂದು ಬರೆದಳು. ಆರರಿಂದ ಭಾಗಿಸಿದಳು. ಐದರಿಂದ, ನಾಲ್ಕರಿಂದ, ಮೂರರಿಂದ, ಎರಡರಿಂದ.

"ಪ್ರೊಫೆ, ಹೇಗೆ ಮಾಡಿದ್ರೂ ಒಂದೇ ಉಳಿಯುತ್ತೆ. 2520 ಆಗಿದ್ರೆ ಎಲ್ಲದಕ್ಕೂ ಸರಿ ಹೋಗ್ತಿತ್ತು."

ಪ್ರೊಫೆ ಬಗ್ಗಿ ನೋಡಿದರು. "ಹೌದಲ್ಲೇ. ಈ ಸಂಖ್ಯೆಗೆ ನನ್ನ ಮೇಲೆ ಏನೋ ಹಗೆ."

ಬೇಲಿಯ ಪಕ್ಕ ಮೆಕ್ಕೆಜೋಳದ ಬಿಸಿ ಗಂಜಿ ಮಾರುತ್ತಿದ್ದ ದೋನ್ಯಾ ಚಾಬೆಲಾ ಸೌಟು ನಿಲ್ಲಿಸಿದಳು.

"ಉಳಿದ್ರೆ ಉಳೀಲಿ ಪ್ರೊಫೆ. ಎಣಿಕೆ ದಿನಾ ಆ ಕಡೆಯಿಂದಲೇ ಯಾಕೆ? ನಾನು ಗಂಜಿ ಹಂಚೋವಾಗ ಒಂದು ದಿನ ಈ ತುದಿ, ಒಂದು ದಿನ ಆ ತುದಿ. ತಳದ ಸೀಕಲು ಯಾವಾಗಲೂ ಒಬ್ಬರಿಗೇ ಬೀಳಬಾರದಲ್ಲ."

ಪ್ರೊಫೆ ಗಂಟಲು ಸರಿಮಾಡಿಕೊಂಡರು. ಎಲ್ಲರನ್ನೂ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರು. "ಒಂದು," ಎಂದು ಒಡಿಲಿಯಾಳ ತಲೆ ಮುಟ್ಟಿ, ಹತ್ತತ್ತರಂತೆ ಎಣಿಸುತ್ತಾ ಹೋದರು.

ಈಗ ಆ ತುದಿಯಲ್ಲಿ ರೂಡಿ ಒಬ್ಬನೇ ಉಳಿದ.

ಒಡಿಲಿಯಾ ಇಣುಕಿ ನೋಡಿದಳು. 'ಏ ಶೇಷ' ಎಂದು ಕೂಗಲು ಬಾಯಿ ತೆರೆದಳು. ರೂಡಿ ಡ್ರಮ್ಮಿನ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನೆಲ ನೋಡುತ್ತಿದ್ದ. ಅವಳು ಬಾಯಿ ಮುಚ್ಚಿದಳು.

ಆಮೇಲೆ ಕೇಳಿದಳು, "ಪ್ರೊಫೆ, ಡ್ರಮ್ ಹೊಡೆಯೋನು ಸಾಲಲ್ಲೇ ಇರ್ಬೇಕಾ? ಎಲ್ಲರಿಗಿಂತ ಮುಂದೆ ಒಬ್ಬನೇ ನಡೆದ್ರೆ ಆಗಲ್ವಾ?"

ಪ್ರೊಫೆ ಗಲ್ಲ ಕೆರೆದುಕೊಂಡರು. "ಇದು ನನಗೆ ಮೊದಲೇ ಹೊಳೆದಿತ್ತು," ಎಂದರು.

ಚಾಬೆಲಾ ಕೆಮ್ಮಿದಳು.

ಇನ್ನೂರ ಐವತ್ತೆರಡು ಸಾಲು ದಾಟಿ ರೂಡಿ ಓಡಿ ಬಂದು ಮುಂದೆ ನಿಂತ. ಹಿಂದೆ ತಿರುಗಿ ನೋಡಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು. ಎಲ್ಲರ ಮುಂದೆ ನಿಂತರೂ ಒಬ್ಬನೇ ಆದರೆ ಹಾಗೇ ಆಗುತ್ತದೆ ಎಂದು ಒಡಿಲಿಯಾಳಿಗೆ ಅನ್ನಿಸಿತು.

"ರೂಡಿ," ಎಂದು ಮೆಲ್ಲಗೆ ಕರೆದಳು. "ನಾನು ಇಲ್ಲೇ ಹಿಂದೆ ಇದ್ದೀನಿ. ಹೊಡಿ."