ಗುಳಿಗೆ ಬದಲಾದ ಮೇಲೆ

"ನಂಗ ಫಿಟ್ಸ್ ಐತ್ರಿ. ದಿನಾ ಗುಳಿಗಿ ತೊಗೋತೀನಿ. ಮುಚ್ಚಿಟ್ಟು ಲಗ್ನ ಆಗಾಕ ಮನಸ್ಸಿಲ್ಲ."

ಹೆಣ್ಣು ನೋಡಲು ಬಂದವನ ಮುಂದೆ ಶಾಂಭವಿ ಹೀಗೆ ಹೇಳಿಬಿಟ್ಟಾಗ ಬಾಗಿಲ ಹಿಂದೆ ಅವಳವ್ವ ತಲೆ ಚಚ್ಚಿಕೊಂಡಳು. ಬನವಾಸಿಯ ಅನಾನಸ್ ವ್ಯಾಪಾರಿ ಬಸವರಾಜ ಮಾತ್ರ ಅವಲಕ್ಕಿ ತಟ್ಟೆ ಕೆಳಗಿಟ್ಟು ಅವಳನ್ನು ನೆಟ್ಟಗೆ ನೋಡಿದ. ಆ ನೋಟಕ್ಕೇ ಹುಡುಗಿ ಸೋತಳು, ಮತ್ತೇನು! ಆ ವೈಶಾಖದಲ್ಲೇ ಲಗ್ನವಾಯಿತು.

ಆದರೆ ವರ್ಷ ತುಂಬಿದರೂ ಅವನದು ಒಂದೇ ಹಾಡು... ಕೂಸು ಈಗಲೇ ಬೇಡ, ಅನಾನಸ್ ಸುಗ್ಗಿ ಮುಗಿಯಲಿ.

'ನನ್ನಂಥ ಕೂಸು ಹುಟ್ಟೀತೆಂಬ ಹೆದರಿಕೆ ಇವರಿಗೆ...' ಶಾಂಭವಿ ಒಳಗೊಳಗೇ ಬೆಂದಳು.

ಪಕ್ಕದ ಮನೆಯ ಗೌರಕ್ಕ ಬೇಗ ಕೂಸಾಗಲೆಂದು ಹರಸಿ ಶಾಂಭವಿಯ ಉಡಿ ತುಂಬಿದ ದಿನ, ಅಕ್ಕಿ, ಕೊಬ್ಬರಿ, ಉತ್ತತ್ತಿ ಸೆರಗಿಗೆ ಬೀಳುವಾಗ ಅವಳ ಕಣ್ಣೂ ತುಂಬಿತು. ಉಡಿ ತುಂಬಿಸಿಕೊಂಡವಳು ಗುಳಿಗೆ ನುಂಗಬಾರದು, ಕೂಸಿಗೆ ಕೇಡು ಎಂದಳು ಗೌರಕ್ಕ. ಯಾರಿಗೂ ಹೇಳದೆ ಗುಳಿಗೆ ಬಿಟ್ಟೇಬಿಟ್ಟಳು ಪುಣ್ಯಾತ್ಗಿತ್ತಿ!

ವಾರದೊಳಗೆ, ಚಹಾ ಸೋಸುತ್ತಿದ್ದವಳು ಕೈಕಾಲು ಸೆಟೆದು ನೆಲಕ್ಕೆ ಬಿದ್ದಳು. ಎಚ್ಚರವಾದಾಗ ಶಿರಸಿಯ ಆಸ್ಪತ್ರೆ. ಪಕ್ಕದಲ್ಲಿ ಬಸವರಾಜ, ಅತ್ತು ಕಣ್ಣು ಕೆಂಪಾಗಿತ್ತು.

ಆಗ ಹೊರಬಿತ್ತು ಅವನ ಹೊಟ್ಟೆಯೊಳಗಿನ ಮಾತು. ಲಗ್ನವಾದ ಹೊಸದರಲ್ಲಿ ಇದೇ ಆಸ್ಪತ್ರೆಗೆ ಅವಳ ಗುಳಿಗೆ ಒಯ್ಯಲು ಬಂದವನು, ಕೂಸಾಗಲು ಅಡ್ಡಿಯಿಲ್ಲವೇ ಎಂದು ಡಾಕ್ಟರನ್ನು ಕೇಳಿದ್ದ. ಈ ಗುಳಿಗೆ ಬಸಿರಿನ ಮೊದಲ ದಿನಗಳಲ್ಲೇ ಕೂಸಿಗೆ ಹಾನಿ ಮಾಡಬಹುದು, ಆದರೆ ಒಮ್ಮೆಲೇ ಬಿಟ್ಟರೆ ಅವಳ ಜೀವಕ್ಕೇ ಅಪಾಯ. ಕರೆದುಕೊಂಡು ಬನ್ನಿ, ಮೊದಲು ಗುಳಿಗೆ ಬದಲಿಸೋಣ, ಕೂಸು ಆಮೇಲೆ ಎಂದಿದ್ದರಂತೆ. ಹೇಳಿದರೆ ಎಲ್ಲಿ ಅವಳು ಗುಳಿಗೆ ಬಿಟ್ಟಾಳೋ ಎಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದ, ಬುದ್ಧಿವಂತ!

"ನನ್ನ ಒಡಲಿನ ಮಾತು ನಂಗ ಹೇಳಬೇಕಿತ್ತಲ್ರಿ..."

"ತಪ್ಪಾತು. ನೀ ಇಲ್ಲದ ಮ್ಯಾಲೆ ಕೂಸು ತೊಗೊಂಡು ನಾ ಏನ್ ಮಾಡ್ಲಿ, ಶಾಂಭವಿ?"

ಅವಳ ಸಿಟ್ಟು ಅಲ್ಲೇ ಕರಗಿತು. ಮುಂದೆ ಆಸ್ಪತ್ರೆಗೆ ಇಬ್ಬರೂ ಜೊತೆಯಾಗಿಯೇ ಹೋದರು. ಡಾಕ್ಟರು ಹಳೆಯ ಗುಳಿಗೆಯನ್ನು ಮೆಲ್ಲಗೆ ಇಳಿಸಿ ಹೊಸದನ್ನು ಏರಿಸಿದರು, ಫೋಲಿಕ್ ಆಸಿಡ್ ಕೂಡ ಕೊಟ್ಟರು. ಫಿಟ್ಸ್ ಮತ್ತೆ ಹತ್ತಿರ ಸುಳಿಯಲಿಲ್ಲ. ಇನ್ನು ಅಡ್ಡಿಯಿಲ್ಲ ಎಂದು ಅವರು ನಕ್ಕ ದಿನ ಬಸವರಾಜ ನಡುಬೀದಿಯಲ್ಲೇ ಹೆಂಡತಿಯ ಕೈ ಹಿಡಿದು ನಡೆದ. ನೋಡಿದವರು ನೋಡಲಿ!

ಬಸಿರಿನ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಡಾಕ್ಟರು ಕೂಸಿನ ತಲೆ, ಬೆನ್ನು, ಎದೆ ಒಂದೊಂದೇ ನೋಡಿ, ಎಲ್ಲ ಸರಿಯಿದೆ ಎಂದರು. ಶಾಂಭವಿ ಬಿಕ್ಕಿ ಬಿಕ್ಕಿ ಅತ್ತಳು. ಗೆದ್ದವಳ ಅಳು ಅದು.

ಹೊರಗೆ ಬಂದ ಮೇಲೆ, ಇಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ನಾಳೆ ಇದಕ್ಕೂ ನನ್ನಂಗ ಫಿಟ್ಸ್ ಬಂದ್ರ?"

"ಬಂದ್ರ ಗುಳಿಗಿ ಕೊಡೂಣು," ಅಂದ ಬಸವರಾಜ, ಅವಳ ಕಣ್ಣೊರೆಸುತ್ತ. "ನಂಗ ನಿನ್ನಂಥಾ ಕೂಸ ಬೇಕು."